ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಕುಳಿತಾಗ ಸುತ್ತ ಒಮ್ಮೆ ನೋಡಿ. ದೊಡ್ಡವರು, ಚಿಕ್ಕವರು ಎನ್ನದೆ ಎಷ್ಟೋ ಜನ ಮೊಬೈಲಿನಲ್ಲಿ ಆಟ ಆಡುತ್ತಿರುತ್ತಾರೆ. ಒಬ್ಬ ಹುಡುಗ ಸರಸರನೆ ಹಂತ ದಾಟುತ್ತಾನೆ. ಅವನ ತಂಗಿ ಅದೇ ಆಟದ ಮೊದಲ ಹಂತದಲ್ಲೇ ಸೋಲುತ್ತಾಳೆ. 'ನಿನಗೆ ಆಡೋಕೆ ಬರಲ್ಲ ಬಿಡು' ಎಂದು ಅವನು ಮೊಬೈಲು ಕಿತ್ತುಕೊಳ್ಳುತ್ತಾನೆ. ಅವಳಿಗೆ ಬಾರದಿರುವುದು ಆಟವೇ? ಅಥವಾ ಬೇರೇನಾದರೂ ಅಡ್ಡ ಬರುತ್ತಿದೆಯೇ?

ಇದನ್ನು ತಿಳಿಯಲು ಒಂದು ಪ್ರಯೋಗ ಮಾಡೋಣ. 30 ಸೆಂ.ಮೀ. ಉದ್ದದ ಸ್ಕೇಲು ಸಾಕು. ನಿಮ್ಮ ಗೆಳೆಯ ಅದರ ಮೇಲ್ತುದಿಯನ್ನು ಹಿಡಿದು ನೇತಾಡಿಸಲಿ. ಸೊನ್ನೆಯ ಗುರುತು ಕೆಳಗಿರಲಿ. ನೀವು ಹೆಬ್ಬೆರಳು, ತೋರುಬೆರಳುಗಳನ್ನು ಆ ಗುರುತಿನ ಎರಡೂ ಪಕ್ಕದಲ್ಲಿ, ಸ್ಕೇಲಿಗೆ ಮುಟ್ಟದಂತೆ ಇಟ್ಟುಕೊಳ್ಳಿ. ಅವನು ಹೇಳದೆ ಕೈಬಿಡಲಿ, ನೀವು ಹಿಡಿಯಿರಿ. 20 ಸೆಂ.ಮೀ. ಗುರುತಿನಲ್ಲಿ ಹಿಡಿದಿದ್ದರೆ ನಿಮಗೆ ಬೇಕಾದ ಕಾಲ ಸುಮಾರು 0.2 ಸೆಕೆಂಡು. 30 ಸೆಂ.ಮೀ. ಆದರೆ ಸುಮಾರು 0.25 ಸೆಕೆಂಡು. ಕಣ್ಣು ಕಂಡದ್ದು ಮಿದುಳಿಗೆ ತಲುಪಿ, ಮಿದುಳಿನ ಆದೇಶ ಬೆರಳಿಗೆ ಬಂದು, ಬೆರಳು ಚಲಿಸಲು ಇಷ್ಟು ಹೊತ್ತು ಬೇಕು. ಇದೇ ಪ್ರತಿಕ್ರಿಯಾ ಕಾಲ. ತರಗತಿಯ ಎಲ್ಲರದನ್ನೂ ಬರೆದಿಡಿ. ಒಬ್ಬೊಬ್ಬರದು ಒಂದೊಂದು ರೀತಿ ಇರುತ್ತದೆ. ನಿದ್ದೆಗೆಟ್ಟ ದಿನ ನಿಮ್ಮದೇ ಹೆಚ್ಚಾಗಬಹುದು!

ಈಗ ಆಟಕ್ಕೆ ಬನ್ನಿ. ಹಳ್ಳವೊಂದು ಎದುರಾದಾಗ 0.3 ಸೆಕೆಂಡಿನೊಳಗೆ ಬಟನ್ ಒತ್ತಬೇಕು ಎಂದಿಟ್ಟುಕೊಳ್ಳಿ. ಸ್ನಾಯುಗಳ ಮೇಲೆ ಹಿಡಿತ ಕಡಿಮೆ ಇರುವ ಮಗುವಿಗೆ 0.5 ಸೆಕೆಂಡು ಬೇಕಾದರೆ? ಎಲ್ಲಿ ನೆಗೆಯಬೇಕೆಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಬೀಳುತ್ತದೆ. ಆಟದ ವೇಗವನ್ನು ಅರ್ಧಕ್ಕೆ ಇಳಿಸಿದರೆ 0.3 ಸೆಕೆಂಡು ಇದ್ದದ್ದು 0.6 ಆಗುತ್ತದೆ. ಹಳ್ಳ ಅಲ್ಲೇ ಇದೆ, ಯೋಚನೆಯೂ ಮೊದಲಿನಷ್ಟೇ ಬೇಕು. ಅಡ್ಡಿ ಮಾತ್ರ ಸರಿಯಿತು.

2018ರಲ್ಲಿ ಬಂದ 'ಸೆಲೆಸ್ಟ್' ಎಂಬ ವಿಡಿಯೋ ಗೇಮ್ ಹೀಗೆಯೇ ಮಾಡಿತು. ಬೆಟ್ಟ ಹತ್ತುವ ಹುಡುಗಿಯ ಕಥೆ ಅದು, ಬಲು ಕಠಿಣ. ಬೇಕಾದವರು ಅದರ ವೇಗವನ್ನು ಶೇ. 50ರವರೆಗೂ ಇಳಿಸಿಕೊಳ್ಳಬಹುದು. ಬೇಡವಾದವರು ಅದನ್ನು ಮುಟ್ಟಬೇಕಿಲ್ಲ. ಮರುವರ್ಷ, ಅಂದರೆ 2019ರಲ್ಲಿ, ಜಪಾನಿನಿಂದ ಬಂದ 'ಸೆಕಿರೊ' ಆಟದಲ್ಲಿ ಸುಲಭದ ಆಯ್ಕೆಯೇ ಇರಲಿಲ್ಲ. ಆಗ ದೊಡ್ಡ ಚರ್ಚೆ ನಡೆಯಿತು. ಎಲ್ಲರೂ ಒಂದೇ ಕಷ್ಟ ಪಟ್ಟರೆ ತಾನೇ ಗೆಲುವಿಗೆ ಬೆಲೆ ಎಂದು ಕೆಲವರು ವಾದಿಸಿದರು. ಸ್ಕೇಲು ಹಿಡಿದು ನೋಡಿದ ನಿಮಗೆ ಈ ವಾದದ ತೊಡಕು ತಿಳಿಯುತ್ತದೆ: ಅದೇ 0.3 ಸೆಕೆಂಡು ಎಲ್ಲರಿಗೂ ಅದೇ ಕಷ್ಟವಲ್ಲ.

ಅಡ್ಡಿ ವೇಗದ್ದೇ ಆಗಬೇಕೆಂದಿಲ್ಲ. ಕೆಂಪು, ಹಸಿರು ಬಣ್ಣಗಳ ವ್ಯತ್ಯಾಸ ಕೆಲವರಿಗೆ ಕಾಣುವುದಿಲ್ಲ. ಈ ವರ್ಣಾಂಧತೆ ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು. ಅಂಥವರಿಗಾಗಿ ಕೆಂಪು ಚೆಂಡಿಗೆ ಗೀರು, ಹಸಿರು ಚೆಂಡಿಗೆ ಚುಕ್ಕಿ ಹಾಕಿದರೆ ಆಯಿತು. ಭಾಷೆಯೂ ಒಂದು ಅಡ್ಡಿಯೇ. ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಮನೆಯಲ್ಲಿ ತಮಿಳು ಇಲ್ಲವೆ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿದ್ದಾರೆ. ಆಟದ ಸೂಚನೆಗಳು ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅವರು ಸೋಲುವುದು ಆಟಕ್ಕಲ್ಲ, ಇಂಗ್ಲಿಷಿಗೆ. 2020ರ 'ದಿ ಲಾಸ್ಟ್ ಆಫ್ ಅಸ್' ಎರಡನೆಯ ಭಾಗದಲ್ಲಿ (ಇದು ದೊಡ್ಡವರ ಆಟ, ನಿಮಗಲ್ಲ) ಇಂಥ 60ಕ್ಕೂ ಹೆಚ್ಚು ಆಯ್ಕೆಗಳಿದ್ದವು. ಕಣ್ಣು ಕಾಣದವರೂ ಬರೀ ಶಬ್ದದ ಸುಳಿವು ಹಿಡಿದು ಅದನ್ನು ಆಡಿ ಮುಗಿಸಿದ್ದಾರೆ.

ಬೀದಿ ಆಟಗಳಲ್ಲಿ ಪುಟ್ಟ ತಮ್ಮನನ್ನೋ ತಂಗಿಯನ್ನೋ 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ನಾವು ಸೇರಿಸಿಕೊಳ್ಳುತ್ತೇವೆ. ಅನುಕೂಲ ಮಾಡಿಕೊಡುವುದೆಂದರೆ ಇಷ್ಟೇ ಎಂದು ತಿಳಿದವರು ಅಂಧರ ಕ್ರಿಕೆಟ್ ನೋಡಬೇಕು. ಅಂಧರ ಮೊದಲ ಟಿ-20 ವಿಶ್ವಕಪ್ 2012ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಭಾರತ ತಂಡ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ನಾಯಕರಾಗಿದ್ದವರು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಆಟದ ಪ್ಲಾಸ್ಟಿಕ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ. ಕೈ ಮೇಲೆತ್ತದೆ ಅದನ್ನು ಕೆಳಗಿನಿಂದಲೇ ಎಸೆಯುತ್ತಾರೆ. ನೆಲದ ಮೇಲೆ ಬರುವ ಚೆಂಡಿನ ಗಲಗಲ ಶಬ್ದವನ್ನು ಕಿವಿಯೇ ಹಿಂಬಾಲಿಸುತ್ತದೆ. 'ರೆಡಿ' ಎಂದು ಕೇಳಿ, ಬ್ಯಾಟುಗಾರ ಒಪ್ಪಿದ ಮೇಲೆ 'ಪ್ಲೇ' ಎಂದು ಕೂಗಿಯೇ ಚೆಂಡು ಹಾಕಬೇಕು. ಹನ್ನೊಂದು ಜನರಲ್ಲಿ ನಾಲ್ವರಾದರೂ ಪೂರ್ತಿ ಅಂಧರಿರಬೇಕು. ಅವರು ಹೊಡೆದ ಪ್ರತಿ ರನ್ನಿಗೂ ಎರಡರ ಲೆಕ್ಕ! ಆದರೆ ವಿಕೆಟ್ ಬಿದ್ದರೆ ಔಟು ಔಟೇ.

ನಿಮ್ಮ ತರಗತಿಯಲ್ಲಿ ಓಡಲು ಆಗದ ಒಬ್ಬರಿದ್ದಾರೆ ಎಂದುಕೊಳ್ಳಿ. ಅವರೂ ಲೆಕ್ಕಕ್ಕೆ ಬರುವಂತೆ ಲಗೋರಿ ಆಡಬೇಕು. ಯಾವ ನಿಯಮ ಬದಲಿಸುತ್ತೀರಿ, ಯಾವುದನ್ನು ಹಾಗೆಯೇ ಬಿಡುತ್ತೀರಿ? ಮೊದಲು ಅವರನ್ನೇ ಕೇಳಿ. ನಂತರ ಒಂದು ಸುತ್ತು ಆಡಿ ನೋಡಿ, ನಿಯಮಗಳನ್ನು ಬರೆದು ನಿಮ್ಮ ಶಿಕ್ಷಕರಿಗೆ ತೋರಿಸಿ.