ಹಣ ಕೊಡದ ಕಚೇರಿಯೊಳಗೆ

ಅಮೆರಿಕದ ಓರೆಗಾನ್ ರಾಜ್ಯದ ಒಂದು ಕಮ್ಯೂನಿಟಿ ಕಾಲೇಜು. ಕಾರು ನಿಲ್ಲಿಸಿ ಮುಖ್ಯ ಕಟ್ಟಡದತ್ತ ನಡೆದರೆ ಮೊದಲು ವೆಲ್ಡಿಂಗ್ ಶೆಡ್ ಸಿಗುತ್ತದೆ, ಆಮೇಲೆ ನರ್ಸಿಂಗ್ ವಿಭಾಗ. ಎರಡು ವರ್ಷದ ಡಿಗ್ರಿ, ಕೈಕಸುಬಿನ ಸರ್ಟಿಫಿಕೇಟು, ಸಂಜೆ ತರಗತಿಗಳು. ಹಗಲು ದುಡಿದು ಸಂಜೆ ಓದುವ ಊರವರಿಗೆಂದೇ ಇರುವ ಕಾಲೇಜು ಇದು. ನಾನು ಹುಡುಕಿಕೊಂಡು ಹೋದದ್ದು ಇದರೊಳಗಿನ ಸಣ್ಣ ಉದ್ಯಮಗಳ ನೆರವು ಕೇಂದ್ರವನ್ನು. ಬಾಣದ ಗುರುತು ಹಿಡಿದು ಹೋದರೆ ಅದು ಕಾರಿಡಾರಿನ ತುತ್ತತುದಿಯಲ್ಲಿತ್ತು.

ಬಾಗಿಲ ಪಕ್ಕದಲ್ಲಿ ಮೂರು ಲಾಂಛನಗಳ ಫಲಕ: ಫೆಡರಲ್ ಸರ್ಕಾರದ್ದು, ರಾಜ್ಯದ್ದು, ಕಾಲೇಜಿನದ್ದು. ಯಾರ ದುಡ್ಡಿನಲ್ಲಿ ಇದು ನಡೆಯುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಹೊರಗೇ ಸಿಕ್ಕಿತು. ಉಳಿದರ್ಧಕ್ಕೆ ಒಳಗಿನ ಕೋಣೆಯವರೆಗೆ ಕಾಯಬೇಕಾಯಿತು.

ಒಳಗೆ ಕಾಲಿಟ್ಟರೆ ಒಂದು ಮೇಜು, ನಾಲ್ಕು ಕುರ್ಚಿ, ಒಂದು ಕಾಫಿ ಯಂತ್ರ. ಹೊಸದಾಗಿ ಬಂದವರ ಕೈಗೆ ಮೊದಲು ಕೊಡುವುದು 641 ಎಂಬ ಸಂಖ್ಯೆಯ ಸರ್ಕಾರಿ ನಮೂನೆ. ಹೆಸರು, ವಿಳಾಸ, ಅಂಗಡಿ ಆಗಲೇ ನಡೆಯುತ್ತಿದೆಯೋ ಇನ್ನೂ ಯೋಚನೆಯಲ್ಲಿದೆಯೋ, ನೀವು ಗಂಡೋ ಹೆಣ್ಣೋ, ಸೇನೆಯಲ್ಲಿದ್ದಿರೋ ಎಂಬ ಪ್ರಶ್ನೆಗಳು. ಬೇಕರಿ ಹಾಕುವವರಿಗೆ ಸೇನೆಯ ವಿಚಾರ ಯಾಕಪ್ಪಾ ಅನ್ನಿಸಿತು. ಯಾರ್ಯಾರಿಗೆ ನೆರವು ಮುಟ್ಟಿತು ಎಂಬ ಲೆಕ್ಕ ವಾಷಿಂಗ್ಟನ್ನಿಗೆ ಹೋಗಬೇಕಂತೆ.

ಎಡಕ್ಕೆ ತರಬೇತಿ ಕೋಣೆ. ತರಗತಿ ಮುಗಿದಿತ್ತು, ಬಿಳಿ ಹಲಗೆ ಒರೆಸಿರಲಿಲ್ಲ. ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ. ಕೈಗೆ ಬರುವ ದುಡ್ಡು ಮೇಲೆ, ಹೋಗುವ ದುಡ್ಡು ಕೆಳಗೆ. ಯಾವುದೋ ತಿಂಡಿ ಗಾಡಿಯ ಲೆಕ್ಕ. ಜುಲೈ, ಆಗಸ್ಟ್ ಹುಲುಸಾಗಿವೆ. ನವೆಂಬರಿನಿಂದ ಮಳೆ, ವ್ಯಾಪಾರ ಇಳಿಯುತ್ತದೆ. ಜನವರಿಯ ಅಡಿಯಲ್ಲಿ ಕೆಂಪು ಶಾಯಿ. ವಿಮೆಯ ಕಂತು ಬಿದ್ದಿರುವುದೂ ಅದೇ ಜನವರಿಯಲ್ಲಿ. ವರ್ಷದ ಕೊನೆಗೆ ಲಾಭವೇ ಇದೆ, ಆದರೆ ಆ ಒಂದು ತಿಂಗಳು ದಾಟದೆ ವರ್ಷದ ಕೊನೆ ಮುಟ್ಟುವುದು ಹೇಗೆ? ಯಾರೋ ಕಂತಿನ ಸುತ್ತ ಗೆರೆ ಎಳೆದು ಸೆಪ್ಟೆಂಬರಿಗೆ ಬಾಣ ಹಾಕಿದ್ದರು. ಇಡೀ ಕೇಂದ್ರದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಬಾಣ.

ಮುಂದೆ ಸಲಹೆಗಾರರ ಎರಡು ಚಿಕ್ಕ ಕೋಣೆಗಳು. ಒಂದರ ಬಾಗಿಲು ಮುಚ್ಚಿತ್ತು, ಗಾಜಿಗೆ ಕಾಗದ ಅಂಟಿಸಿದ್ದರು. ಒಪ್ಪಿಗೆಯಿಲ್ಲದೆ ಇಲ್ಲಿಗೆ ಬಂದವರ ಹೆಸರು, ವಿಳಾಸ ಹೊರಗೆ ಬಿಡುವಂತಿಲ್ಲ ಎಂದು ಕಾನೂನೇ ಇದೆ. ಇನ್ನೊಂದು ಕೋಣೆ ಖಾಲಿ: ದೊಡ್ಡ ಮಾನಿಟರ್, ಒಂದು ಕ್ಯಾಲ್ಕ್ಯುಲೇಟರ್, ಟಿಶ್ಯೂ ಡಬ್ಬ. ಒಬ್ಬೊಬ್ಬರನ್ನೇ ಕೂರಿಸಿ ಕೊಡುವ ಸಲಹೆಗೆ ಶುಲ್ಕವಿಲ್ಲ, ತರಗತಿಗೆ ಅಷ್ಟಿಷ್ಟು ಇರಬಹುದು. ಸಾಲವನ್ನೋ ಸಹಾಯಧನವನ್ನೋ ಇಲ್ಲಿ ಕೊಡುವುದಿಲ್ಲ. ಬ್ಯಾಂಕಿನ ಮುಂದೆ ಕೂರುವ ಮೊದಲು ಕಾಗದಪತ್ರ ಸರಿಮಾಡಿಸುತ್ತಾರೆ, ಕೆಲವೊಮ್ಮೆ ಈಗ ಸಾಲ ಬೇಡ ಎಂದೂ ಹೇಳುತ್ತಾರೆ.

ಕೊನೆಯದು ಕೇಂದ್ರದ ಮುಖ್ಯಸ್ಥರ ಕೋಣೆ. ಹಣದ ಮಾತು ಬಂದದ್ದೇ ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. 1976ರಲ್ಲಿ ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಯೋಗವಾಗಿ ಶುರುವಾದ ಯೋಜನೆಗೆ 1980ರಲ್ಲಿ ಕಾನೂನಿನ ಬಲ ಸಿಕ್ಕಿತು. ಈಗ ದೇಶದಲ್ಲಿ ಇಂಥ ಕೇಂದ್ರಗಳು ಸಾವಿರದ ಹತ್ತಿರ ಇವೆ. 2023ಕ್ಕೆ ಸಂಸತ್ತು ಕೊಟ್ಟದ್ದು 14 ಕೋಟಿ ಡಾಲರ್. ದೊಡ್ಡ ಮೊತ್ತವೆಂದು ಕಾಣುತ್ತದೆ, ಹಂಚಿದರೆ ಒಂದೊಂದು ಕೇಂದ್ರಕ್ಕೆ ಸರಾಸರಿ ಒಂದೂವರೆ ಲಕ್ಷ ಡಾಲರೂ ಬೀಳುವುದಿಲ್ಲ.

ಅದೂ ಪುಕ್ಕಟೆಯಲ್ಲ. ಫೆಡರಲ್ ಸರ್ಕಾರದ ಪ್ರತಿ 100 ಡಾಲರಿಗೆ ಬೇರೆ ಮೂಲದಿಂದ 100 ಡಾಲರ್ ಹೊಂದಿಸಿ ತೋರಿಸಬೇಕು. ಅದರಲ್ಲಿ ಕನಿಷ್ಠ 50 ನಗದಾಗಿರಬೇಕು, ಮಿಕ್ಕಿದ್ದು ಕೋಣೆ, ಪೀಠೋಪಕರಣ, ಕಾಲೇಜಿನ ಆಡಳಿತ ವೆಚ್ಚದ ರೂಪದಲ್ಲಿದ್ದರೂ ನಡೆಯುತ್ತದೆ. ಅಂದರೆ ನಾನು ದಾಟಿ ಬಂದ ತರಬೇತಿ ಕೋಣೆಯೂ ಇವರ ಜಮಾಖರ್ಚಿನಲ್ಲಿ ಒಂದು ಮೊತ್ತ. ಕಾಲೇಜುಗಳಲ್ಲೇ ಯಾಕೆ ಇಂಥ ಕೇಂದ್ರಗಳು ಬೀಡುಬಿಟ್ಟಿವೆ ಎನ್ನುವುದಕ್ಕೆ ಇದೂ ಒಂದು ಕಾರಣವಿರಬೇಕು: ಅಲ್ಲಿ ಕೋಣೆಗಳಿವೆ.

ತೊಡಕು ಇರುವುದೂ ಇಲ್ಲೇ. ಇದು ಜೋಡೆತ್ತಿನ ಗಾಡಿ. ತನ್ನ ಪಾಲಿನ ಹತ್ತು ಸಾವಿರವನ್ನು ಕಾಲೇಜು ಹಿಂದಕ್ಕೆ ತೆಗೆದುಕೊಂಡು, ಬೇರೆಲ್ಲೂ ಅದು ಹುಟ್ಟದಿದ್ದರೆ, ಎದುರಿನ ಫೆಡರಲ್ ಹತ್ತು ಸಾವಿರವೂ ಹೋದಂತೆಯೇ. ಹಿಂಜರಿತದ ಕಾಲದಲ್ಲಿ ಕೆಲಸ ಕಳೆದುಕೊಂಡವರು ಸ್ವಂತದ್ದೇನಾದರೂ ಮಾಡೋಣವೆಂದು ಇಲ್ಲಿಗೆ ಬರುತ್ತಾರೆ; ರಾಜ್ಯದ ಬೊಕ್ಕಸ ಸೊರಗಿ ಕಾಲೇಜಿನ ಅನುದಾನಕ್ಕೆ ಕತ್ತರಿ ಬೀಳುವುದೂ ಆಗಲೇ. ಸ್ಥಳೀಯರ ಪಾಲಿದ್ದರೆ ಜವಾಬ್ದಾರಿ ಇರುತ್ತದೆ ಎಂಬ ವಾದ ನನಗೆ ಅರ್ಥವಾಗುತ್ತದೆ. ಆದರೂ ಬಡ ಜಿಲ್ಲೆಯ ಕಾಲೇಜಿಗೂ ಉಳ್ಳ ಜಿಲ್ಲೆಯ ಕಾಲೇಜಿಗೂ ಒಂದೇ ಅಳತೆ ಹಿಡಿಯುವುದು ನನಗೆ ಸರಿಕಾಣಲಿಲ್ಲ.

ಮುಖ್ಯಸ್ಥರ ಹಿಂದಿನ ಗೋಡೆಯ ಮೇಲೆ ವರ್ಷದ ಸಾಧನೆಯ ಪಟ್ಟಿ: ಶುರುವಾದ ಅಂಗಡಿಗಳು, ಸಿಕ್ಕ ಉದ್ಯೋಗಗಳು, ಬಂದ ಸಾಲ. ಹಣ ಕೇಳಲು ಹೋದಾಗ ಇದೇ ಆಧಾರ. ಹಟ ಹಿಡಿದು ಇಲ್ಲಿಗೆ ಬಂದವರು ಸಲಹೆ ಸಿಗದಿದ್ದರೂ ಅಂಗಡಿ ತೆರೆಯುತ್ತಿರಲಿಲ್ಲವೇ? ಇದರಲ್ಲಿ ಎಷ್ಟು ಪಾಲು ಕೇಂದ್ರದ್ದು, ಎಷ್ಟು ಅವರದ್ದೇ ಎಂದು ಬಿಡಿಸಿ ಹೇಳಲು ನನ್ನಿಂದಾಗದು. ಕೇಳಿದಾಗ ಮುಖ್ಯಸ್ಥರೂ ವಾದಕ್ಕೆ ಇಳಿಯಲಿಲ್ಲ. “ಮುಚ್ಚಬೇಕಾಗಿದ್ದು ಮುಚ್ಚದೆ ಉಳಿದ ಅಂಗಡಿಗೆ ಈ ಪಟ್ಟಿಯಲ್ಲಿ ಸರಿಯಾದ ಕಾಲಮ್ಮೇ ಇಲ್ಲ” ಎಂದರಷ್ಟೇ.

ಅಷ್ಟರಲ್ಲಿ ಮುಂದಿನವರು ಬಂದು ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ರಸೀದಿ ತುಂಬಿದ ಚಪ್ಪಲಿ ಡಬ್ಬ. ಮುಖ್ಯಸ್ಥರು ಗಡಿಯಾರ ನೋಡಿ ಕಂಪ್ಯೂಟರಿನಲ್ಲಿ ಹೊತ್ತು ನಮೂದಿಸಿದರು. ಸಲಹೆಯ ಪ್ರತಿ ಗಂಟೆಗೂ ಲೆಕ್ಕ ಒಪ್ಪಿಸಬೇಕು. ನನ್ನ ಜೊತೆ ಕಳೆದ ಹೊತ್ತನ್ನು ಯಾವ ಖಾತೆಗೆ ಬರೆಯುತ್ತೀರಿ ಎಂದು ಕೇಳಿದೆ.

“ನೀವು ಅಂಗಡಿ ಇಡೋದಾದ್ರೆ ಹೇಳಿ, 641 ಕೊಡ್ತೀನಿ” ಎಂದರು.