ಮಿಲ್ ಕಾರ್ಮಿಕನ ಮಗಳು, ಕಲಬುರಗಿಯ ಮೇಷ್ಟ್ರು

ಕಲಬುರಗಿಯ ಎಂ.ಎಸ್.ಕೆ. ಮಿಲ್‌ನಲ್ಲಿ ದುಡಿಯುತ್ತಿದ್ದ ಶಾಂತಪ್ಪನವರಿಗೆ ಓದು ಒಲಿದಿರಲಿಲ್ಲ. ಮಗಳು ಓದಲೇಬೇಕೆಂಬ ಹಟ ಮಾತ್ರ ಇತ್ತು. ಆ ಮಗಳೇ ಗೀತಾ ನಾಗಭೂಷಣ. ಹುಟ್ಟಿದ್ದು 1942ರ ಮಾರ್ಚ್ 25ರಂದು, ಸಾವಳಗಿಯಲ್ಲಿ.

ಮೆಟ್ರಿಕ್ ಮುಗಿಯುತ್ತಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಹಿಂದುಳಿದ ಸಮುದಾಯದ ಬಡ ಮನೆಯ ಹುಡುಗಿಗೆ ಆ ಕಾಲದಲ್ಲಿ ಅಷ್ಟೇ ಸಾಕಿತ್ತು ಅನ್ನುವವರೇ ಹೆಚ್ಚು. ಗೀತಾ ಅಲ್ಲಿಗೆ ನಿಲ್ಲಲಿಲ್ಲ. ಬಿ.ಎ., ಬಿ.ಎಡ್., ಎಂ.ಎ. ಮುಗಿಸಿ ಕಲಬುರಗಿಯ ನಗರೇಶ್ವರ ಕಾಲೇಜಿನಲ್ಲಿ ಕನ್ನಡ ಕಲಿಸಲು ನಿಂತರು. ಸುಮಾರು ಮೂರು ದಶಕ ಅಲ್ಲೇ ಪಾಠ ಹೇಳಿದರು.

ತರಗತಿಯಾಚೆ ಅವರ ಸೇವೆ ನಡೆದದ್ದು ಬರವಣಿಗೆಯಲ್ಲಿ. 1968ರ ‘ತಾವರೆಯ ಹೂವು’ ಕಾದಂಬರಿಯಿಂದ ಆರಂಭಿಸಿ ಇಪ್ಪತ್ತೈದಕ್ಕೂ ಹೆಚ್ಚು ಕಾದಂಬರಿ ಬರೆದರು. ಕೂಲಿ ಹೆಂಗಸರು, ದೇವದಾಸಿಯರು, ಗಂಡ ಬಿಟ್ಟವರು, ಸಾಲದಲ್ಲಿ ಮುಳುಗಿದವರು ಅಲ್ಲಿ ತಮ್ಮದೇ ಮಾತಿನಲ್ಲಿ ಜಗಳವಾಡುತ್ತಾರೆ, ಬೈಯುತ್ತಾರೆ, ನಗುತ್ತಾರೆ. ಆಳಂದ, ಕಮಲಾಪುರದ ಸಂತೆಯಲ್ಲಿ ಕೇಳುವ ಆಡುಮಾತು ಅದು. ಶಿಷ್ಟ ಕನ್ನಡದ ಓದುಗರಿಗೆ ಮೊದಮೊದಲು ಒರಟೆನಿಸಿದರೂ ಅವರ ಬರವಣಿಗೆಯ ಕಸುವು ಅಲ್ಲೇ ಇದೆ. ‘ಹಸಿಮಾಂಸ ಮತ್ತು ಹದ್ದುಗಳು’ ಕಾದಂಬರಿ ‘ಹೆಣ್ಣಿನ ಕೂಗು’ ಎಂಬ ಸಿನಿಮಾ ಆಯಿತು.

2004ರಲ್ಲಿ ‘ಬದುಕು’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅಷ್ಟು ತಡವಾದದ್ದೇಕೆ ಎಂದು ಅಕಾಡೆಮಿಯನ್ನೇ ಕೇಳಬೇಕು! 2010ರಲ್ಲಿ ಗದಗಿನಲ್ಲಿ ನಡೆದ 76ನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷೆ. ಆ ಪೀಠವೇರಿದ ನಾಲ್ಕನೆಯ ಮಹಿಳೆ ಅವರು. 2020ರ ಜೂನ್ 28ರಂದು ಕಲಬುರಗಿಯಲ್ಲೇ ತೀರಿಕೊಂಡರು.