ದಾಂಪತ್ಯವೂ ಡಿಕ್ರಿಯೂ

ಬ್ರಿಟಿಷರು ನಮ್ಮ ದೇಶವನ್ನು ಆಳಿದರು, ಕಂದಾಯವನ್ನೆತ್ತಿದರು, ರೈಲುಹಾದಿಯನ್ನು ಹಾಕಿದರು. ಆದರೆ ನಮ್ಮ ಮನೆಗಳ ಹೊಸ್ತಿಲನ್ನು ಮಾತ್ರ ದಾಟಲಿಲ್ಲ ಎಂಬ ಮಾತನ್ನು ನಾವು ಅನೇಕ ವೇಳೆ ಕೇಳಿರುತ್ತೇವೆ. ಈ ಮಾತಿಗೆ ಆಧಾರವಿಲ್ಲದೆ ಇಲ್ಲ. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದ ನ್ಯಾಯಸ್ಥಾನಗಳಿಗೆ ವ್ಯವಸ್ಥೆಯನ್ನೇರ್ಪಡಿಸಿದಾಗ, ವಿವಾಹ, ದಾಯಭಾಗ, ಜಾತಿ ಇವುಗಳ ವ್ಯಾಜ್ಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರವೂ ಮುಸಲ್ಮಾನರಿಗೆ ಕುರಾನೂ ಪ್ರಮಾಣವೆಂದು ಗೊತ್ತುಮಾಡಿದನು. 1858ರ ರಾಣಿಯ ಘೋಷಣೆಯೂ ಪ್ರಜೆಗಳ ಮತಾಚಾರಗಳಲ್ಲಿ ಕೈಹಾಕುವುದಿಲ್ಲವೆಂದು ವಚನವಿತ್ತಿತು. ಆದರೂ ಹೊಸ್ತಿಲಿನ ಈಚೆ ನಿಂತುಕೊಂಡೇ ಒಳಮನೆಯ ಬಾಳನ್ನು ಬದಲಾಯಿಸುವ ಉಪಾಯಗಳುಂಟು. ಅವುಗಳಲ್ಲಿ ಒಂದನ್ನು ಈಗ ವಿಚಾರಿಸೋಣ. ನ್ಯಾಯಸ್ಥಾನದ ಭಾಷೆಯಲ್ಲಿ ಅದಕ್ಕೆ ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎಂದು ಹೆಸರು. ಸುಲಭವಾಗಿ ಹೇಳುವುದಾದರೆ, ಬಿಟ್ಟುಹೋದ ಹೆಂಡತಿಯನ್ನಾಗಲಿ ಗಂಡನನ್ನಾಗಲಿ ಮರಳಿ ಮನೆಗೆ ಕಳುಹಿಸಿಕೊಡಬೇಕೆಂದು ಸರ್ಕಾರದ ಕೋರ್ಟಿನಲ್ಲಿ ಹೂಡುವ ದಾವೆ.

ಇದು ನಮ್ಮ ಧರ್ಮಶಾಸ್ತ್ರದಲ್ಲಿ ಹುಟ್ಟಿದುದಲ್ಲ. ಇಂಗ್ಲೆಂಡಿನಲ್ಲಿ 1857ರವರೆಗೆ ವಿವಾಹದ ವ್ಯಾಜ್ಯಗಳು ಕ್ರೈಸ್ತ ಧರ್ಮಪೀಠದ ನ್ಯಾಯಸ್ಥಾನಗಳಿಗೆ ಸೇರಿದ್ದುವು. ಮದುವೆಯ ಬಂಧನವನ್ನು ಕಡಿಯಲು ಆ ಪೀಠಕ್ಕೆ ಇಷ್ಟವಿರಲಿಲ್ಲ. ಆದುದರಿಂದ ಅಗಲಿದವರನ್ನು ಒಂದೇ ಸೂರಿನ ಕೆಳಗೆ ಸೇರಿಸುವ ಅಧಿಕಾರವನ್ನು ಅದು ಇಟ್ಟುಕೊಂಡಿತ್ತು. ನಮ್ಮ ಶಾಸ್ತ್ರಕಾರರು ಗಂಡನನ್ನು ತೊರೆದವಳ ವಿಷಯದಲ್ಲಿ ಕರುಣಾಳುಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಅವಳಿಗೆ ನಿಂದೆಯುಂಟು, ತ್ಯಾಗವುಂಟು, ಸವತಿಯುಂಟು. ಆದರೆ ಅಮೀನನ ಕೈಯಲ್ಲಿ ಕಾಗದವನ್ನು ಕಳುಹಿಸಿ, ಬಾರದಿದ್ದರೆ ಸೆರೆಮನೆಗೆ ನೂಕುವ ಕ್ರಮ ಅಲ್ಲಿ ಇರಲಿಲ್ಲ. 1867ರಲ್ಲಿ ಬಂಗಾಳದ ಮುಸಲ್ಮಾನ ದಂಪತಿಗಳ ಒಂದು ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲು, ಇಂಥ ದಾವೆಗಳನ್ನು ಭಾರತದ ಸಿವಿಲ್ ಕೋರ್ಟುಗಳು ವಿಚಾರಿಸಬಹುದೆಂದು ತೀರ್ಮಾನಿಸಿತು. ಅಲ್ಲಿಂದ ಮುಂದೆ ಈ ಪರದೇಶದ ಗಿಡ ಇಲ್ಲಿ ಬೇರೂರಿತು.

ಅದರ ಫಲವನ್ನು ಉಂಡವರು ಮುಂಬಯಿಯ ರುಖ್ಮಾಬಾಯಿಯವರು. 1864ರಲ್ಲಿ ಬಡಗಿ ವೃತ್ತಿಯ ಸುತಾರ ಕುಲದಲ್ಲಿ ಹುಟ್ಟಿದ ಈಕೆಗೆ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿ ಎಂಬ ಹತ್ತೊಂಬತ್ತು ವರ್ಷದ ವರನೊಡನೆ ಮದುವೆಯಾಯಿತು. ಹುಡುಗಿ ತಾಯಿಯ ಮನೆಯಲ್ಲಿಯೇ ಉಳಿದು ಓದಿಕೊಂಡಳು. ತಾಯಿ ವಿಧವೆಯಾದ ಮೇಲೆ ಡಾಕ್ಟರ್ ಸಖಾರಾಮ ಅರ್ಜುನರನ್ನು ಮರುಮದುವೆಯಾಗಿದ್ದರು. ಆ ಕುಲದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲವೆಂಬುದನ್ನು ಗಮನಿಸಬೇಕು. 1884ರಲ್ಲಿ ದಾದಾಜಿ ಹೈಕೋರ್ಟಿನಲ್ಲಿ ದಾವೆ ಹೂಡಿದಾಗ ರುಖ್ಮಾಬಾಯಿಯವರಿಗೆ ಇಪ್ಪತ್ತು ವರ್ಷ. ಅರಿಯದ ವಯಸ್ಸಿನಲ್ಲಿ, ತಮ್ಮ ಒಪ್ಪಿಗೆಯಿಲ್ಲದೆ ನಡೆದ ಮದುವೆಯ ಬಲದಿಂದ ತಾವು ಆ ಮನೆಗೆ ಹೋಗುವುದಿಲ್ಲವೆಂದು ಅವರು ಹೇಳಿದರು.

1885ರಲ್ಲಿ ಮೊದಲು ವಿಚಾರಣೆ ನಡೆಸಿದ ನ್ಯಾಯಾಧೀಶ ಪಿನ್ಹೇಯವರು ದಾವೆಯನ್ನು ವಜಾ ಮಾಡಿದರು. ಅವರ ಕಾರಣಗಳು ನೆನಪಿಡತಕ್ಕವು. ಎಂದೂ ಕೂಡಿ ಬಾಳದವರ ನಡುವೆ ಪುನಃಸ್ಥಾಪಿಸುವುದಕ್ಕೆ ಏನಿದೆ? ಹಿಂದೂ ಶಾಸ್ತ್ರದಲ್ಲಿ ಇಂಥ ದಾವೆಗೆ ಪ್ರಮಾಣವೆಲ್ಲಿದೆ? ಇದು ಇಂಗ್ಲೆಂಡಿನಿಂದ ಬಂದುದಲ್ಲವೆ? ಆಂಗ್ಲ ನ್ಯಾಯಾಧೀಶರೊಬ್ಬರು ಆಂಗ್ಲರ ಕಾನೂನನ್ನು ಹೊರಗಿಡುತ್ತಿರುವಾಗ, ನಮ್ಮ ಪತ್ರಿಕೆಗಳಲ್ಲಿ ಹಲವು ಧರ್ಮಕ್ಕೆ ಕೇಡು ಬಂದಿತೆಂದು ಕೂಗಿದುವು. ಬಾಲಗಂಗಾಧರ ತಿಲಕರಂಥ ದೇಶಭಕ್ತರೂ ಗಂಡನ ಪಕ್ಷವನ್ನೇ ಹಿಡಿದರು. ಅನ್ಯರ ಧರ್ಮಪೀಠದ ಆಯುಧವನ್ನು ಸ್ವಧರ್ಮವೆಂದು ಕಾಪಾಡಿಕೊಳ್ಳಲು ಹೊರಟ ಈ ನೋಟ ನಮಗೆ ಬಹಳ ವಿಚಿತ್ರವಾಗಿ ಕಾಣುತ್ತದೆ; ಆದರೆ ಹೊರಗೆ ರಾಜ್ಯವನ್ನು ಕಳೆದುಕೊಂಡವರಿಗೆ ಒಳಮನೆಯೊಂದೇ ತಮ್ಮ ರಾಜ್ಯವಾಗಿ ಉಳಿದಿತ್ತೆಂಬುದನ್ನು ಮರೆಯಲಾಗದು.

1886ರಲ್ಲಿ ಅಪೀಲಿನಲ್ಲಿ ಪಿನ್ಹೇಯವರ ತೀರ್ಪು ಬಿದ್ದುಹೋಯಿತು. 1887ರ ಮಾರ್ಚಿಯಲ್ಲಿ ನ್ಯಾಯಾಧೀಶ ಫ್ಯಾರನ್‌ರವರು, ಒಂದು ತಿಂಗಳೊಳಗಾಗಿ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳ ಸೆರೆವಾಸ ಎಂದು ಆಜ್ಞೆಯಿತ್ತರು. ಸೆರೆಮನೆಯೇ ಆಗಲಿ ಎಂದರು ರುಖ್ಮಾಬಾಯಿಯವರು. ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಈ ದಾವೆ ಹೂಡಿದ 1884ರಲ್ಲಿಯೇ ಇಂಗ್ಲೆಂಡಿನ ಪಾರ್ಲಿಮೆಂಟು, ಇಂಥ ಡಿಕ್ರಿಯನ್ನು ಮೀರಿದವರಿಗೆ ಸೆರೆವಾಸವನ್ನು ತನ್ನ ದೇಶದಲ್ಲಿ ತೆಗೆದುಹಾಕಿತ್ತು. ಲಂಡನ್ನಿನ ಹೆಂಗಸಿಗೆ ಇಲ್ಲದ ಸೆರೆಮನೆ, ಲಂಡನ್ನಿನ ಕಾನೂನಿನ ಹೆಸರಿನಲ್ಲಿಯೇ ಮುಂಬಯಿಯ ಹೆಂಗಸಿಗೆ ಕಾದಿತ್ತು!

ವಿಕ್ಟೋರಿಯಾ ರಾಣಿಯೇ ಮದುವೆಯನ್ನು ರದ್ದುಪಡಿಸಿದಳೆಂಬ ಕಥೆಯೊಂದು ಪ್ರಚಾರದಲ್ಲಿದೆ. ವ್ಯಾಜ್ಯ ಮುಗಿದ ಬಗೆ ಅಷ್ಟು ಸೊಗಸಾದುದಲ್ಲ. 1888ರಲ್ಲಿ ದಾದಾಜಿ ಎರಡು ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ಡಿಕ್ರಿಯ ಜಾರಿಯನ್ನು ಬಿಟ್ಟುಕೊಟ್ಟನು. ರುಖ್ಮಾಬಾಯಿಯವರು ಮರುವರ್ಷ ಇಂಗ್ಲೆಂಡಿಗೆ ಹೋಗಿ ವೈದ್ಯವಿದ್ಯೆಯನ್ನು ಕಲಿತು ಬಂದು, ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಬಹುಕಾಲ ವೈದ್ಯರಾಗಿದ್ದರು.

ಕುಲದ ಪಂಚಾಯಿತಿಯ ಮುಂದೆ ಈ ವಿಷಯ ಬಂದಿದ್ದರೆ ಆಕೆಗೆ ನ್ಯಾಯ ಸಿಕ್ಕುತ್ತಿತ್ತೆಂದು ಯಾರೂ ಭರವಸೆ ಕೊಡಲಾರರು. ಆದರೆ ಪಂಚಾಯಿತಿಯೆಂದರೆ ಮಾತುಕತೆಗೆ, ಕೊಡುಕೊಳ್ಳುವಿಕೆಗೆ, ಬಿಡುಗಡೆಗೆ ಎಡೆಯಿದ್ದ ಸ್ಥಳ. ಕೋರ್ಟಿನಲ್ಲಿ ನೂರು ಕುಲಗಳ ನೂರು ಬಗೆಯ ನಡೆವಳಿಕೆಗಳು ಮರೆಯಾಗಿ, ಪಂಡಿತರಿಂದ ಕೇಳಿ ಅಚ್ಚುಹಾಕಿಸಿದ ಒಂದೇ ಹಿಂದೂ ಲಾ ನಿಂತಿತು. ಅದರ ಹಿಂದೆ ಸರ್ಕಾರದ ಸೆರೆಮನೆ ನಿಂತಿತು. ಕೈಹಾಕುವುದಿಲ್ಲವೆಂಬ ವಚನದ ಫಲ ಇದು: ಗಂಡನ ಕೈಯನ್ನು ಬಲಪಡಿಸಿದುದು ಕೈಹಾಕಿದಂತೆ ಎಣಿಕೆಗೆ ಬರಲಿಲ್ಲ.

ಹೆಂಡತಿಯ ಕಡೆಗೆ ಕಾನೂನನ್ನು ಎಳೆಯಲು ಹೊರಟಾಗ ಮಾತ್ರ ಆ ವಚನವನ್ನು ಎಲ್ಲರೂ ನೆನೆದರು. 1890ರಲ್ಲಿ ಕಲ್ಕತ್ತೆಯಲ್ಲಿ ಫೂಲ್‌ಮಣಿ ಎಂಬ ಹತ್ತು ಹನ್ನೊಂದು ವರ್ಷದ ಬಾಲೆ ಗಂಡನ ಸಹವಾಸದಿಂದ ಸತ್ತಳು. 1891ರಲ್ಲಿ ಸರ್ಕಾರವು ಸಮ್ಮತಿ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ, ಮತದಲ್ಲಿ ಕೈಹಾಕಿದರೆಂದು ದೊಡ್ಡ ಗದ್ದಲವೆದ್ದಿತು. ಮದುವೆಯ ವಯಸ್ಸನ್ನು ಆ ಶಾಸನ ಮುಟ್ಟಲೇ ಇಲ್ಲ. ನಮ್ಮವರೇ ಆಳುತ್ತಿದ್ದ ಮೈಸೂರು ಸಂಸ್ಥಾನದಲ್ಲಾದರೋ, 1894ರ ರೆಗ್ಯುಲೇಷನ್ನು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನೂ, ಐವತ್ತು ಮೀರಿದವನು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷವೆಂಬುದು ದೊಡ್ಡ ಔದಾರ್ಯವಲ್ಲ, ನಿಜ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ಬಾಲ್ಯವಿವಾಹದ ಮೇಲೆ ಶಾರದಾ ಶಾಸನ ಬಂದುದು 1929ರಲ್ಲಿ.

ಪುನಃಸ್ಥಾಪನೆಯ ಡಿಕ್ರಿಗೆ ಸೆರೆವಾಸವು 1923ರಲ್ಲಿ ತಪ್ಪಿತು. ಆಸ್ತಿಯ ಜಫ್ತಿ ಉಳಿಯಿತು. 1955ರ ಹಿಂದೂ ವಿವಾಹ ಶಾಸನದ ಒಂಬತ್ತನೆಯ ಕಲಮಿನಲ್ಲಿ ಸ್ವತಂತ್ರ ಭಾರತವೂ ಈ ದಾವೆಯನ್ನು ಸೇರಿಸಿಕೊಂಡಿತು. ಆ ವರ್ಷವೇ ರುಖ್ಮಾಬಾಯಿಯವರು ತೀರಿಕೊಂಡರು. ಇಂಗ್ಲೆಂಡು 1970ರಲ್ಲಿ ಅದನ್ನು ಪೂರ್ತಿಯಾಗಿ ಕೈಬಿಟ್ಟಿತು. 1983ರಲ್ಲಿ ಆಂಧ್ರಪ್ರದೇಶದ ಹೈಕೋರ್ಟು ಆ ಕಲಮು ಸಂವಿಧಾನಕ್ಕೆ ವಿರುದ್ಧವೆಂದಿತು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಡಿಕ್ರಿಯಾಗಿ ಒಂದು ವರ್ಷ ಕಳೆದರೂ ಇಬ್ಬರೂ ಕೂಡಿ ಬಾಳದಿದ್ದರೆ ವಿವಾಹ ವಿಚ್ಛೇದನವನ್ನು ಕೇಳಬಹುದಾದುದರಿಂದ, ಕೂಡಿಸುವುದಕ್ಕಾಗಿ ಹುಟ್ಟಿದ ಈ ದಾವೆ ಈಗ ಅಗಲುವುದಕ್ಕೂ ಒಂದು ದಾರಿಯಾಗಿದೆ.